ಅಪ್ಪ ಸಂತೆಗೆ ಹೋದ ವರ್ಷ

ಭಿವಂಡಿಯ ಪೇಢಿ ಮುಚ್ಚಿದ ಮೇಲೆ ನಮ್ಮ ಮನೆಯಲ್ಲಿ ತಿಂಗಳು ಅನ್ನುವುದು ಹೋಗಿ ವಾರ ಅನ್ನುವುದು ಬಂತು. ಅಲ್ಲಿಯವರೆಗೆ ನಾವು ಉಂಡದ್ದೆಲ್ಲ ತಿಂಗಳ ಲೆಕ್ಕದಲ್ಲಿ. ಅಪ್ಪ ಒಬ್ಬ ಬಟ್ಟೆ ವ್ಯಾಪಾರಿಯ ಪೇಢಿಯಲ್ಲಿ ಗುಮಾಸ್ತನಾಗಿದ್ದ. ಪಗಾರದ ದಿನ ಲಕೋಟೆಯನ್ನು ಒಡೆಯದೆ ತಂದು ಅವ್ವನ ಕೈಗೆ ಕೊಡುತ್ತಿದ್ದ. ಮರುದಿನ ಅವ್ವ ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಕಿರಾಣಿ ಅಂಗಡಿಗೆ ಹೋಗಿ ಅಕ್ಕಿ, ತೊಗರಿಬೇಳೆ, ಜೋಳ, ಶೇಂಗಾ, ಬೆಲ್ಲ, ಎಣ್ಣೆ ಎಲ್ಲ ತರುತ್ತಿದ್ದಳು. ನಮ್ಮದು ಒಂದು ರೂಮು, ಒಂದು ಅಡುಗೆಮನೆ. ಮುಂದೆ ಆರು ಮನೆಗಳಿಗೂ ಸೇರಿದ ಉದ್ದನೆಯ ಗ್ಯಾಲರಿ. ಕಿರಾಣಿ ಬಂದ ಸಂಜೆ ನಾನೂ ತಮ್ಮ ಮಹೇಶನೂ ಅಡುಗೆಮನೆಯ ಬಾಗಿಲಲ್ಲಿ ಕೂತು ಡಬ್ಬಿಗಳು ತುಂಬುವುದನ್ನು ನೋಡುತ್ತಿದ್ದೆವು. ಅವ್ವ ಬೇಳೆಯನ್ನು ಸುರಿದು, ಡಬ್ಬಿಯನ್ನು ಎರಡು ಸಲ ನೆಲಕ್ಕೆ ಕುಟ್ಟಿ, ಉಳಿದದ್ದನ್ನೂ ಅದರಲ್ಲೇ ಹಿಡಿಸಿ ಮುಚ್ಚಳ ಹಾಕುವಳು. ಆ ಸಪ್ಪಳ ಕೇಳಿದರೆ ಸಾಕು, ಇನ್ನು ತಿಂಗಳು ಮುಗಿಯುವವರೆಗೆ ಚಿಂತೆಯಿಲ್ಲ ಅನ್ನುವುದು ನಮಗೂ ತಿಳಿಯುತ್ತಿತ್ತು.

ಇದರಲ್ಲೆಲ್ಲ ಅಪ್ಪನ ಪಾಲು ಲಕೋಟೆ ಕೊಡುವುದಷ್ಟೇ. ಉಳ್ಳಾಗಡ್ಡಿಯ ದರ ಅವನಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕೆಂದು ಯಾರೂ ಬಯಸಿರಲೂ ಇಲ್ಲ. ನಮ್ಮ ಅಡ್ಡಹೆಸರು ಅಂಗಡಿ. ಪಕ್ಕದ ಮನೆಯ ಸುಮತಿ ಅಕ್ಕ ಉಡುಪಿ ಕಡೆಯವರು, ಅವರ ಗಂಡ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದರು. ಅವರು ಆಗಾಗ ನಗುತ್ತಾ, "ಹೆಸರು ಮಾತ್ರ ಅಂಗಡಿ ನಿಮ್ಮದು, ಒಂದು ಬೆಂಕಿಪೊಟ್ಟಣ ತಂದದ್ದು ನಾನು ನೋಡಲಿಲ್ಲ" ಅನ್ನುತ್ತಿದ್ದರು. ಅಪ್ಪನೂ ನಗುತ್ತಿದ್ದ. ಅದು ಅವನಿಗೆ ಕುಂದೆನಿಸುತ್ತಿರಲಿಲ್ಲ.

ಪೇಢಿಯ ಮಾಲೀಕ ವ್ಯಾಪಾರವನ್ನೆಲ್ಲ ಸೂರತ್ತಿಗೆ ಸಾಗಿಸಿದ. ಗುಮಾಸ್ತರನ್ನು ಕರೆದೊಯ್ಯಲಿಲ್ಲ. ಮೊದಮೊದಲು ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ದಿನಾ ಭಿವಂಡಿಗೆ ಹೋಗಿ ಬೇರೆ ಪೇಢಿಗಳಲ್ಲಿ ಕೇಳಿ ಬರುತ್ತಿದ್ದ. ಎಲ್ಲ ಕಡೆ ಕಂಪ್ಯೂಟರ್ ಬಂದಿತ್ತು, ಹುಡುಗರು ಬಂದಿದ್ದರು. ಆಮೇಲೆ ವಾರಕ್ಕೆ ಎರಡು ಸಲ ಹೋದ, ಆಮೇಲೆ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತ. ಡಬ್ಬಿಗಳನ್ನು ನೆಲಕ್ಕೆ ಕುಟ್ಟುವ ಸಪ್ಪಳ ನಿಂತಿತು. ಒಂದು ಸಂಜೆ ಅವ್ವ ಸುಮತಿ ಅಕ್ಕನ ಮನೆಗೆ ಹೋಗಿ ಬಹಳ ಹೊತ್ತು ಮಾತಾಡಿ ಬಂದಳು. ಸುಮತಿ ಅಕ್ಕನ ನಾದಿನಿ ರಬಾಳೆಯ ಒಂದು ಕಾರ್ಖಾನೆಯಲ್ಲಿ ಔಷಧಿ ಪೆಟ್ಟಿಗೆ ತುಂಬುವ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿ ಹೆಂಗಸರು ಬೇಕಾಗಿದ್ದರು. ಠೇಕೇದಾರ ಪ್ರತಿ ಶನಿವಾರ ಕೂಲಿ ಕೊಡುತ್ತಿದ್ದ. ರೊಟ್ಟಿ ಬಡಿಯುತ್ತ ಅವ್ವ ಇಷ್ಟನ್ನೂ ಹೇಳಿದಳು. ಅಪ್ಪ ತಾಟಿನಲ್ಲಿ ಕೈಯಿಟ್ಟುಕೊಂಡು ಕೇಳಿಸಿಕೊಂಡ.

"ಸ್ವಲ್ಪ ದಿನದ ಮಾತು," ಎಂದ ಕೊನೆಗೆ. "ನನಗ ಎಲ್ಲ್ಯರ ನೌಕರಿ ಹತ್ತಿತಂದ್ರ ನೀ ಬಿಟ್ಟಬಿಡು."

"ಮೊದಲ ಹತ್ತಲಿ," ಎಂದಳು ಅವ್ವ, ತವೆಯ ಮೇಲಿನ ರೊಟ್ಟಿಯನ್ನು ತಿರುವಿ ಹಾಕುತ್ತಾ.

ಮುಂದಿನ ಸೋಮವಾರದಿಂದ ಅವ್ವ ಬೆಳಕು ಹರಿಯುವ ಮೊದಲೇ ಮನೆ ಬಿಡತೊಡಗಿದಳು. ಲೋಕಲ್ ಹತ್ತಿ ಠಾಣೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ರಬಾಳೆಗೆ ಹೋಗಬೇಕು. ದೀಪ ಹಚ್ಚುವ ಹೊತ್ತು ದಾಟಿದ ಮೇಲೆ ಬರುವಳು. ಕೂದಲಿಗೆಲ್ಲ ಗುಳಿಗೆಯ ಕಹಿ ವಾಸನೆ ಹತ್ತಿರುತ್ತಿತ್ತು. ಮೊದಲ ಶನಿವಾರ ಬಂದವಳೇ ಕೈಕಾಲು ತೊಳೆದು, ಕೂಲಿಯಲ್ಲಿ ಬಾಡಿಗೆಗೆ, ಸಾಲೆಗೆ, ಪಾಸಿಗೆ ಎಂದು ತೆಗೆದಿಟ್ಟು, ಉಳಿದದ್ದನ್ನು ಅಪ್ಪನ ಮುಂದೆ ಇಟ್ಟಳು.

"ಇದು ವಾರದ್ದು. ಕಾಯಿಪಲ್ಯಾ, ಎಣ್ಣಿ, ಹಾಲು ಎಲ್ಲಾ ಇದರಾಗ. ಮುಂದಿನ ಶನಿವಾರತನಕ ಬರಬೇಕ್ರಿ."

"ನಾ ತರಬೇಕಾ?"

"ಮತ್ತ ಯಾರ ತರತಾರ?"

ಹೀಗೆ ಮರುದಿನ ಸಂಜೆ ಅಪ್ಪ ಸಂತೆಗೆ ಹೊರಟ. ದಿನಾ ಕೂಡುವ ಪೇಟೆಯನ್ನೂ ನಮ್ಮ ಮನೆಯಲ್ಲಿ ಸಂತೆ ಅಂತಲೇ ಕರೆಯುತ್ತಿದ್ದೆವು. ಚೀಲ ಹಿಡಿಯಲು ನಾನು ಜೊತೆಗೆ. ನನಗಾಗ ಹನ್ನೊಂದು ವರ್ಷ. ಅವ್ವನ ಜೊತೆ ಹೋಗಿ ಹೋಗಿ ಯಾರ ಹತ್ತಿರ ಏನು ತರಬೇಕೆಂದು ಅಷ್ಟಿಷ್ಟು ತಿಳಿದಿತ್ತು. ಆದರೆ ಅಪ್ಪ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವನು ಪೇಢಿಗೆ ಹೋಗುತ್ತಿದ್ದ ಅಂಗಿಯನ್ನೇ ಹಾಕಿಕೊಂಡಿದ್ದ, ಬೂಟನ್ನೂ ಹಾಕಿದ್ದ. ಸ್ಟೇಷನ್ನಿನ ಪೂರ್ವಕ್ಕಿರುವ ಆ ರಸ್ತೆಯಲ್ಲಿ ಸಂಜೆಯ ಹೊತ್ತು ಒಂದು ಹೆಜ್ಜೆ ಇಡಲೂ ಜಾಗವಿರುವುದಿಲ್ಲ. ಅಪ್ಪ ಜನರನ್ನು ತಪ್ಪಿಸಿಕೊಂಡು ಹೋಗಿ, ಎಲ್ಲಕ್ಕಿಂತ ಮುಂದಿದ್ದ, ಬಲ್ಬು ಹಾಕಿಕೊಂಡು ಹೊಳೆಯುತ್ತಿದ್ದ ಅಂಗಡಿಯ ಮುಂದೆ ನಿಂತ. ಅಲ್ಲಿ ಎಲ್ಲವನ್ನೂ ಕಿಲೋ ಲೆಕ್ಕದಲ್ಲಿ ಕೇಳಿದ. ಬದನೆಕಾಯಿ ಒಂದು ಕಿಲೋ, ಟೊಮೇಟೊ ಒಂದು ಕಿಲೋ, ಹಸಿಮೆಣಸಿನಕಾಯಿಯನ್ನೂ ಕಿಲೋ ಅಂದಾಗ ಮಾರುವವನೇ ತಲೆಯೆತ್ತಿ ನೋಡಿ, "ಲಗ್ನ ಆಹೆ ಕಾ?" ಎಂದು ಕೇಳಿದ, ಮದುವೆ ಇದೆಯಾ ಎಂದು. ಅಪ್ಪ ಅರ್ಧ ಕಿಲೋಗೆ ಇಳಿದ, ಪಾವ್ ಅಂದರೆ ಕಾಲು ಕಿಲೋಗೆ ಇಳಿಯಲಿಲ್ಲ. ಹೇಳಿದ ದರ ಕೊಟ್ಟ. ಬರುವಾಗ ನಮಗಿಬ್ಬರಿಗೂ ಸೇಬು ಕೊಂಡ. ಮಹೇಶ ಆಗಲೇ ಮನೆಯಲ್ಲೂ ಮರಾಠಿ ಮಾತಾಡುತ್ತಿದ್ದ. ಸೇಬು ತಿನ್ನುತ್ತ "ಬಾಬಾ ಬೆಸ್ಟ್ ಆಹೆ" ಎಂದ. ಅಪ್ಪನ ಮುಖ ಬಹಳ ದಿನಗಳ ಮೇಲೆ ಅರಳಿತ್ತು.

ಬುಧವಾರಕ್ಕೆ ರೊಕ್ಕ ಮುಗಿಯಿತು. ಗುರುವಾರ ಬರೀ ಅನ್ನ, ಸಾರು. ಶುಕ್ರವಾರ ಅದೇ ಸಾರಿಗೆ ಇನ್ನಷ್ಟು ನೀರು. ಬದನೆಕಾಯಿ ಮಾತ್ರ ಇನ್ನೂ ಇತ್ತು, ಬಾಡಿ ಕಪ್ಪಾಗಿ. ಮೆಣಸಿನಕಾಯಿ ಕೊಳೆತು ಬುಟ್ಟಿಗೆ ಹತ್ತಿಕೊಂಡಿತ್ತು. ಅವ್ವ ಬುಟ್ಟಿಯನ್ನು ನೋಡಿ ಊಟಕ್ಕೆ ಕೂತಳು. ಅರ್ಧ ಊಟ ಆದ ಮೇಲೆ ಕೇಳಿದಳು.

"ಪಾವ್ ಕಿಲೋ ಅನ್ನಾಕ ಬಾಯಿ ಬರೂದಿಲ್ಲೇನು ನಿಮಗ?"

"ಮಂದಿ ನೋಡತಾರ."

"ಯಾವ ಮಂದಿ?"

ಅವ್ವ ದನಿ ಏರಿಸಲಿಲ್ಲ. ಏರಿಸಿದ್ದರೆ ಚಲೋ ಇತ್ತೆಂದು ನನಗೆ ಅನಿಸಿತು, ಯಾಕೆಂದರೆ ಆಮೇಲೆ ಅವಳು ಹೇಳಿದ್ದು ಜಗಳಕ್ಕಿಂತ ಹೆಚ್ಚು ನಾಟಿತು.

"ದಿನಾ ನಿಂತು ನಿಂತು ನನ್ನ ಕಾಲು ಬಾಯತಾವ. ಆದರ ಗಾಡ್ಯಾಗ ಬರೂಮುಂದ ಮನಿಗೆ ಹ್ವಾದ್ರ ಒಂದ್ ತುತ್ತು ನೆಟ್ಟಗ ಸಿಗತೈತಿ ಅಂದಕೊಂಡ ಬರತೀನಿ. ಅದೊಂದ ನೋಡ್ರಿ."

ಅಪ್ಪ ತಾಟು ಎತ್ತಿಕೊಂಡು ಹೋಗಿ ತಾನೇ ತೊಳೆದ. ಆ ಮನೆಯಲ್ಲಿ ಅವನು ತಾಟು ತೊಳೆದದ್ದನ್ನು ನಾನು ಮೊದಲ ಸಲ ನೋಡಿದ್ದು ಅಂದೇ.

ಆ ರವಿವಾರ ಅವನು ಬೂಟು ಹಾಕಲಿಲ್ಲ, ಚಪ್ಪಲಿಯಲ್ಲಿ ಹೊರಟ. ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಸುಮತಿ ಅಕ್ಕನ ಹತ್ತಿರ ನಿಂತು, ಕಾಯಿಪಲ್ಯ ಎಲ್ಲಿ ಸೋವಿ ಸಿಗುತ್ತದೆಂದು ಕೇಳಿದ. ಕೇಳುವುದಕ್ಕೆ ಅವನಿಗೆ ಬಹಳ ಕಷ್ಟವಾಯಿತು, ಎರಡು ಸಲ ಕೆಮ್ಮಿದ. ಸುಮತಿ ಅಕ್ಕ ಈ ಸಲ ನಗೆಯಾಡಲಿಲ್ಲ.

"ಮುಂದಿನ ಅಂಗಡಿಗಳನ್ನು ಬಿಡಿ, ಅಂಗಡಿಯವರೇ. ರಸ್ತೆ ಮುಗಿಯುವಲ್ಲಿಗೆ ಹೋಗಿ. ಅಲ್ಲಿ ಸುತ್ತಲಿನ ಹಳ್ಳಿ ಹೆಂಗಸರು ನೆಲದ ಮೇಲೆ ಕೂತಿರ್ತಾರೆ. ಕತ್ತಲಾಗುವ ಮೊದಲು ಅವರಿಗೆ ಗಾಡಿ ಹಿಡಿಯಬೇಕು, ಹಾಗಾಗಿ ಕಡಿಮೆಗೆ ಕೊಡ್ತಾರೆ."

ಅಂದಿನಿಂದ ಅಪ್ಪನ ದಾರಿ ಬದಲಾಯಿತು. ಅವನು ಮೊದಲು ಏನೂ ಕೊಳ್ಳದೆ ಇಡೀ ರಸ್ತೆಯನ್ನು ಒಮ್ಮೆ ನಡೆದು ನೋಡುವನು. ತಿರುಗಿ ಬರುವಾಗ ಕೊಳ್ಳುವನು. ಪಾವ್ ಕಿಲೋ ಎಂಬ ಮಾತನ್ನು ಮೊದಲು ಅವನ ಪರವಾಗಿ ನಾನು ಹೇಳಬೇಕಾಯಿತು. ಎರಡು ವಾರಕ್ಕೆ ಅವನೇ ಹೇಳತೊಡಗಿದ. ಎಲ್ಲಕ್ಕಿಂತ ಕೊನೆಗೆ ಕೂರುತ್ತಿದ್ದ ಒಬ್ಬ ಮುದುಕಿಯನ್ನು ನಾವು ಮಾವಶಿ ಅನ್ನುತ್ತಿದ್ದೆವು. ಒಂದು ದಿನ ಅವಳ ಬುಟ್ಟಿಯ ಅಂಚಿನಲ್ಲಿ ಕೆಂಪು ದಂಟಿನ ಒಂದು ಸೊಪ್ಪು ಬಿದ್ದಿತ್ತು. ಅಪ್ಪ ಒಂದು ಎಲೆ ಹರಿದು ಬಾಯಿಗೆ ಹಾಕಿಕೊಂಡವನು ನನ್ನ ಭುಜ ಹಿಡಿದ.

"ಪುಂಡಿಪಲ್ಯಾ ಇದು. ನೋಡು, ಹುಳಿ ನೋಡು."

ಅಲ್ಲಿ ಅದಕ್ಕೆ ಅಂಬಾಡಿ ಎಂದು ಹೆಸರು. ಅವ್ವ ಮದುವೆಯಾಗಿ ಬಂದಾಗಿನಿಂದ ಇಲ್ಲಿ ಪುಂಡಿ ಸಿಗುವುದಿಲ್ಲ ಎಂದೇ ತಿಳಿದಿದ್ದಳು. ಆ ಸಂಜೆ ಅಪ್ಪ ಸೊಪ್ಪು ಬಿಡಿಸಿ, ತೊಳೆದು, ಬೇಳೆ ನೆನೆಹಾಕಿ, ಬೆಳ್ಳುಳ್ಳಿ ಸುಲಿದು ಎಲ್ಲ ಸಿದ್ಧ ಮಾಡಿಟ್ಟ. ಅವ್ವ ಬಂದು ಮುಚ್ಚಳ ತೆಗೆದು ನೋಡಿ, ನಿಜಕ್ಕೂ ಪುಂಡಿಯೇ ಏನೆಂದು ಮೂರು ಸಲ ಕೇಳಿದಳು. ಜೋಳದ ನುಚ್ಚು ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳು. ಊಟ ಮುಗಿಯುವವರೆಗೆ ಇಬ್ಬರೂ ಊರಿನ ಮಾತೇ ಆಡಿದರು. ಮಹೇಶ ಹುಳಿಗೆ ಮುಖ ಹಿಂಡಿ "ಮಲಾ ನಕೊ" ಎಂದು ತಾಟು ಸರಿಸಿದ. ಅವನ ಪಾಲನ್ನು ನಾನು ಉಂಡೆ.

ಈಗ ಘಣಸೋಲಿಯ ನನ್ನ ಮನೆಗೆ ಮೊಬೈಲು ಒತ್ತಿದರೆ ಕೊತ್ತಂಬರಿ ಬಾಗಿಲಿಗೇ ಬರುತ್ತದೆ. ನನಗೂ ನನ್ನ ಗಂಡನಿಗೂ ತಿಂಗಳ ಪಗಾರ. ಆದರೂ ನನ್ನ ತಲೆಯಲ್ಲಿ ಅಡುಗೆಮನೆ ವಾರದ ಲೆಕ್ಕದಲ್ಲೇ ನಡೆಯುತ್ತದೆ. ಶುಕ್ರವಾರದ ಊಟ ಹೇಗಿರುತ್ತದೆ ಎಂದು ಶನಿವಾರವೇ ನೋಡಿಕೊಳ್ಳುತ್ತೇನೆ. ಇದು ಜಿಪುಣತನವೆಂದು ಮಗಳು ಆಡಿಕೊಳ್ಳುತ್ತಾಳೆ. ನಾನು ವಾದಿಸುವುದಿಲ್ಲ. ದಣಿದು ಬರುವ ಮನುಷ್ಯರಿಗೆ ವಾರದ ಕೊನೆಯ ದಿನವೂ ನೆಟ್ಟಗೆ ಊಟ ಸಿಗಬೇಕು ಎಂಬುದನ್ನು ಅವಳಿಗೆ ಮಾತಿನಲ್ಲಿ ತಿಳಿಸುವುದು ಕಷ್ಟ.

ಪುಂಡಿಪಲ್ಯ ಸಿಕ್ಕ ಮೇಲೆ ನಮ್ಮ ವಾರಗಳು ಸರಿಯಾಗಿ ಸಾಗಿದವು. ಅಪ್ಪನೇ ಅನ್ನ ಮಾಡುತ್ತಿದ್ದ, ಬೇಳೆ ಕುದಿಸುತ್ತಿದ್ದ. ರೊಟ್ಟಿ ಮಾತ್ರ ಅವನ ಕೈಯಲ್ಲಿ ಹರಿದುಹೋಗುತ್ತಿತ್ತು. ಆದರೆ ಮನೆಯ ಹೊರಗೆ ಇದು ಯಾರಿಗೂ ತಿಳಿಯಬಾರದು ಎಂಬುದು ಅವನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ಅದು ನನಗೆ ಗೊತ್ತಾದದ್ದು ಬಿರಾದಾರ ಕಾಕಾ ಸಿಕ್ಕ ದಿನ. ಕಾಕಾ ಅಪ್ಪನ ಜೊತೆ ಪೇಢಿಯಲ್ಲಿದ್ದವರು. ಮುಚ್ಚುವ ಮೊದಲೇ ಬಿಟ್ಟು ಒಂದು ಗೋದಾಮಿನ ಆಫೀಸು ಸೇರಿಕೊಂಡಿದ್ದರು. ಅಂದು ಅಪ್ಪ ರಸ್ತೆಯ ಕೊನೆಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಮೆತ್ತಗಾದ ಟೊಮೇಟೊಗಳ ರಾಶಿಯಿಂದ ಗಟ್ಟಿ ಇದ್ದವನ್ನು ಆರಿಸುತ್ತಿದ್ದ. ಆ ರಾಶಿ ಅರ್ಧ ದರದ್ದು.

"ಏನ್ರಿ ಅಂಗಡಿಯವರ, ನೀವು ಇಲ್ಲಿ?"

ಅಪ್ಪ ಎದ್ದು ನಿಂತ. ಕೈಯಲ್ಲಿದ್ದ ಟೊಮೇಟೊ ರಾಶಿಗೆ ಬಿತ್ತು. ಏನಾದರೂ ಹೇಳಬೇಕಾಗಿತ್ತು.

"ಮನ್ಯಾಗ ಆಕೀಗೆ ಆರಾಮಿಲ್ಲರಿ. ಅದಕ ನಾ ಬಂದೆ."

"ಏನಾಗೇತ್ರಿ?"

"ಏನಿಲ್ಲ, ಸಣ್ಣದು. ನೀವು ರವಿವಾರ ಬರ್ರಿ ನಮ್ಮಲ್ಲೆ ಊಟಕ್ಕ. ವಹಿನಿಯವರನ್ನೂ ಕರಕೊಂಡ ಬರ್ರಿ. ಅಷ್ಟರಾಗ ಆಕಿ ಆರಾಮ ಆಗಿರತಾಳ."

ಯಾಕೆ ಕರೆದನೋ ಅವನಿಗೇ ತಿಳಿದಿರಲಿಕ್ಕಿಲ್ಲ. ಊಟಕ್ಕೆ ಕರೆಯುವ ಸ್ಥಿತಿಯಲ್ಲಿದ್ದೇವೆ ಎಂದು ತೋರಿಸಬೇಕಾಗಿತ್ತೇನೋ. ಕಾಕಾ ಖುಷಿಯಿಂದ ಒಪ್ಪಿ ಹೋದರು. ಅಪ್ಪ ಟೊಮೇಟೊ ಕೊಳ್ಳದೆಯೇ ಹೊರಟ. ರಸ್ತೆಯ ತುದಿಗೆ ಬಂದ ಮೇಲೆ ನಾನು ಕೇಳಿದೆ.

"ಅಪ್ಪಾ, ಅವ್ವಗ ಏನಾಗೇತಿ?"

"ಏನೂ ಆಗಿಲ್ಲ. ಸುಮ್ಮನ ನಡಿ."

ರವಿವಾರ ಅವ್ವನಿಗೆ ಸಿಗುತ್ತಿದ್ದ ಒಂದೇ ರಜೆ. ತಲೆ ತೊಳೆದುಕೊಳ್ಳುವುದು, ಬಟ್ಟೆ ಒಗೆಯುವುದು, ಮಧ್ಯಾಹ್ನ ಒಂದು ಗಳಿಗೆ ಕಾಲು ಚಾಚುವುದು ಎಲ್ಲ ಅದರಲ್ಲೇ. ಅತಿಥಿಗಳು ಬರುತ್ತಾರೆಂದು ಅಪ್ಪ ಅವ್ವನಿಗೆ ಹೇಳಿದ. ಹೋಳಿಗೆ ಮಾಡೋಣ ಎಂದ. ಕಡಲೆಬೇಳೆ, ಬೆಲ್ಲ, ತುಪ್ಪ ಎಂದು ತಾನೇ ಎಣಿಸಿದ, ಎಣಿಸುತ್ತ ಎಣಿಸುತ್ತ ದನಿ ಸಣ್ಣದಾಯಿತು.

"ಹೋಳಿಗಿ ಮಾಡಿದ್ರ ಮುಂದಿನ ವಾರ ಏನ್ ಉಣ್ಣೂದು, ನೀವ ಹೇಳ್ರಿ," ಎಂದಳು ಅವ್ವ. "ಈಗ ನಿಮಗ ನನಕಿಂತ ಚಲೋ ಗೊತ್ತೈತಿ."

ಅದು ಚುಚ್ಚು ಮಾತಾಗಿರಲಿಲ್ಲ. ಅಪ್ಪ ಗೋಡೆಗೆ ಒರಗಿ ಯೋಚಿಸಿ, "ಬ್ಯಾಡ ಹಂಗಾರ" ಎಂದ. ನಿಜಕ್ಕೂ ಅವನಿಗೆ ಗೊತ್ತಿತ್ತು. ತುಪ್ಪ ಕೊಂಡರೆ ಯಾವ ದಿನ ಹಾಲು ನಿಲ್ಲುತ್ತದೆ ಎಂಬುದು ಕೂಡ.

ರವಿವಾರ ಕಾಕಾ, ಅವರ ಹೆಂಡತಿ ಕಾಕು ಬಂದರು. ನಮ್ಮ ರೂಮಿನಲ್ಲಿ ಕಾಟು ಮಡಚಿಟ್ಟು ಚಾಪೆ ಹಾಸಿದ್ದೆವು. ಜೋಳದ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು, ಅನ್ನ, ಸಾರು. ಬದನೆಕಾಯಿಯನ್ನು ಅಪ್ಪ ಹಿಂದಿನ ಸಂಜೆ ಒಂದೊಂದಾಗಿ ತಿರುಗಿಸಿ ನೋಡಿ ತಂದಿದ್ದ, ಎಲ್ಲ ಒಂದೇ ಅಳತೆಯವು. ಅವ್ವ ಬಿಸಿ ರೊಟ್ಟಿ ತಂದು ಬಡಿಸುವಾಗ ಕಾಕಾ ಕೇಳಿದರು.

"ಈಗ ಆರಾಮ ಅದೀರೇನ್ರಿ? ಆರಾಮಿಲ್ಲ ಅಂದಿದ್ರು ಯಜಮಾನರು."

ಅವ್ವ ಅಪ್ಪನ ಕಡೆ ನೋಡಿದಳು. ಅವಳು ಅರ್ಥ ಮಾಡಿಕೊಳ್ಳಲು ಒಂದು ಕ್ಷಣ ಸಾಕಾಯಿತು.

"ಆರಾಮ ಅದೀನ್ರಿ," ಎಂದಳು, ರೊಟ್ಟಿಯನ್ನು ಅವರ ತಾಟಿಗೆ ಹಾಕುತ್ತಾ.

ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಕಾಕು ಪುಂಡಿಪಲ್ಯವನ್ನು ಎರಡನೇ ಸಲ ಹಾಕಿಸಿಕೊಂಡು, "ಎಷ್ಟ ಎಳೀದ ಐತ್ರಿ ವಹಿನಿ, ಎಲ್ಲೆ ಸಿಕ್ಕಿತು? ನಮಗ ಕಲ್ಯಾಣದಾಗ ಎಲ್ಲೂ ಸಿಗೂದಿಲ್ಲ" ಎಂದರು. ಅವ್ವನಿಗೆ ಅದು ಗೊತ್ತಿರಲಿಲ್ಲ. ಅವಳು ಆ ರಸ್ತೆಗೆ ಕಾಲಿಟ್ಟು ಎಷ್ಟೋ ತಿಂಗಳಾಗಿತ್ತು. ಅವಳು ರೊಟ್ಟಿಯ ಬುಟ್ಟಿ ಹಿಡಿದುಕೊಂಡು ನಿಂತಳು. ಏನು ಹೇಳಿದರೂ ಇನ್ನೊಂದು ಸುಳ್ಳಾಗುತ್ತಿತ್ತು. ಅಪ್ಪ ತಾಟಿನ ಮೇಲೆ ಕೈ ಝಾಡಿಸಿದ.

"ಆಕೀಗೆ ಏನೂ ಆಗಿರಲಿಲ್ಲರಿ," ಎಂದ, ಕಾಕಾ ಅವರ ಮುಖ ನೋಡದೆ. "ಆಕಿ ರಬಾಳೇಕ ಕೆಲಸಕ್ಕ ಹೋಗತಾಳ. ಪೇಢಿ ಮುಚ್ಚಿದಾಗಿಂದ ಆಕಿ ದುಡಿಮ್ಯಾಗ ಮನಿ ನಡದೈತಿ. ಸಂತಿ ನಾ ಮಾಡತೀನಿ. ಇದೆಲ್ಲಾ ನಾ ತಂದದ್ದು."

ಕಾಕಾ ತಾಟು ನೋಡುತ್ತ ಮೊಸರು ಕಲಸಿಕೊಂಡರು. ಕಾಕು ಮಾತ್ರ ಕೂತಲ್ಲೇ ಅಪ್ಪನ ಕಡೆಗೆ ತಿರುಗಿದರು.

"ಹಂಗಾರ ನೀವ ಹೇಳ್ರಿ ಅಣ್ಣಾರ, ಎಲ್ಲೆ ಸಿಗತೈತಿ?"

ಅಪ್ಪ ಹೇಳತೊಡಗಿದ. ರಸ್ತೆಯ ಕೊನೆ, ಮಾವಶಿ, ಅಂಬಾಡಿ ಎಂದು ಕೇಳಬೇಕು, ದಂಟು ಕೆಂಪಿರಬೇಕು, ಹೂ ಬಿಟ್ಟದ್ದು ಬೇಡ, ನಾರಾಗಿರುತ್ತದೆ. ಮೊದಲು ದನಿ ಸಣ್ಣದಿತ್ತು, ಆಮೇಲೆ ತಾನಾಗಿಯೇ ತೆರೆಯಿತು. ಬದನೆಕಾಯಿಯ ತೊಟ್ಟು ನೋಡುವುದು ಹೇಗೆ, ಯಾವ ದಿನ ಏನು ಸೋವಿ, ಎಲ್ಲ ಹೇಳಿದ. ಕಾಕು ನಡುನಡುವೆ ಪ್ರಶ್ನೆ ಹಾಕಿದರು. ಅವ್ವ ಅಡುಗೆಮನೆಗೆ ಹೋಗಿ ಮುಂದಿನ ರೊಟ್ಟಿ ಬಡಿಯತೊಡಗಿದಳು. ಅಪ್ಪ ಯಾರ ಮುಂದೆಯಾದರೂ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಬೀಳ್ಕೊಡುವಾಗ ಕಾಕಾ ಮೆಟ್ಟಿಲ ಹತ್ತಿರ ಅಪ್ಪನನ್ನು ತಡೆದು ನಿಲ್ಲಿಸಿದರು. "ಮೊದಲ ಹೇಳೂದಲ್ಲೇನ್ರಿ? ನಿಮಗ ನೌಕರಿ ಇಲ್ಲಂತ ನನಗ ಹ್ಯಾಂಗ ಗೊತ್ತಾಗಬೇಕು?" ಎಂದರು. ಕೆಲವು ವಾರ ಕಳೆದು ಅವರ ಗೋದಾಮಿನಲ್ಲಿ ಮಾಲಿನ ಲೆಕ್ಕ ನೋಡುವ ಕೆಲಸ ಖಾಲಿಯಾಯಿತು, ಅಪ್ಪನನ್ನು ಕರೆಸಿದರು. ಮೊದಲಿಗಿಂತ ಕಡಿಮೆ ಪಗಾರ, ಆದರೂ ತಿಂಗಳ ಪಗಾರ. ಸುದ್ದಿ ಕೇಳಿ ಊರಿನಿಂದ ಅಜ್ಜಿ ಫೋನು ಮಾಡಿದಳು. ಇನ್ನು ಸೊಸೆ ಮನೆಯಲ್ಲಿ ಇರಲಿ ಎಂದಳು. ಅಪ್ಪ ಎರಡು ಸಲ ಹೂಂ ಎಂದು, ಮೂರನೇ ಸಲ "ನೀನ ಕೇಳವ್ವಾ ಆಕೀನ್ನ" ಎಂದು ಫೋನನ್ನು ಅವ್ವನ ಕೈಗೆ ಕೊಟ್ಟ. ಸ್ವಲ್ಪ ದಿನದ ಮಾತು ಎಂದಿದ್ದವನು ಅವನೇ. ಅವ್ವ ಅವನ ಮುಖವನ್ನೇ ನೋಡುತ್ತ ಫೋನು ಹಿಡಿದಳು.

"ಬಿಡೂದಿಲ್ಲರಿ ಅತ್ತಿ," ಎಂದಳು. ಅಪ್ಪ ತಲೆಯಾಡಿಸಿ ಚಹಾ ಇಡಲು ಹೋದ.

ಗೋದಾಮಿಗೂ ರವಿವಾರ ರಜೆ. ಆ ಮೊದಲ ರವಿವಾರ ಅವ್ವ ಸೀರೆ ಬದಲಿಸಿಕೊಂಡು, ಇನ್ನು ಸಂತೆಗೆ ತಾನೇ ಹೋಗುತ್ತೇನೆ ಎಂದಳು. ಅಪ್ಪ ಆಗಲೇ ಚಪ್ಪಲಿ ಹಾಕಿಕೊಂಡು ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕೊನೆಗೆ ನಾಲ್ವರೂ ಹೊರಟೆವು. ಅವ್ವ ಹಳೆಯ ರೂಢಿಯಂತೆ ನಡುವಿನ ಅಂಗಡಿಗಳ ಹತ್ತಿರ ನಿಲ್ಲುವಳು, ಅಪ್ಪ ಮುಂದೆ ನಡೆ ಎಂದು ಕೈಮಾಡುವನು. ರಸ್ತೆಯ ಕೊನೆಗೆ ಬಂದಾಗ ಮಾವಶಿ ಅಪ್ಪನನ್ನು ಕಂಡು ನಕ್ಕು, ಮೆಂತ್ಯದ ಸಿವುಡನ್ನು ಕೇಳದೆಯೇ ತೆಗೆದು ಮುಂದೆ ಇಟ್ಟಳು. ಅವ್ವ ದರ ಕೇಳಿದಳು. ಕೇಳಿ, ಮುಖ ಸಿಂಡರಿಸಿ, ಅರ್ಧಕ್ಕೆ ಕೊಡು ಎಂದು ಮರಾಠಿಯಲ್ಲಿ ಚೌಕಾಸಿಗೆ ಇಳಿದಳು. ಆ ರಸ್ತೆಯಲ್ಲಿ ಅವಳಷ್ಟು ಚೌಕಾಸಿ ಮಾಡುವವರು ಯಾರೂ ಇರಲಿಲ್ಲ. ಮಾವಶಿ ಪಿಳಿಪಿಳಿ ಕಣ್ಣು ಬಿಟ್ಟು ಅಪ್ಪನ ಕಡೆ ನೋಡಿದಳು.

"ಏ, ಬಿಡು," ಎಂದ ಅಪ್ಪ ಅವ್ವನಿಗೆ, ಮೆಲ್ಲಗೆ. "ಈಕಿ ನನಗ ಸರಿ ದರಾನ ಹೇಳತಾಳ. ಈಕಿ ಜೋಡಿ ಕಡಿಮಿ ಮಾಡಸೂದಿಲ್ಲ ನಾ."

ಅವ್ವ ಅವನನ್ನು ನೋಡಿದಳು, ಮುದುಕಿಯನ್ನು ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದು, ನನ್ನ ಕೈಯಿಂದ ಚೀಲ ತೆಗೆದುಕೊಂಡು, ಅದರ ಬಾಯಿ ಅಗಲ ಮಾಡಿ ಅಪ್ಪನ ಮುಂದೆ ಹಿಡಿದಳು.